ದೀಪ ಹಚ್ಚಿದ ಮೇಲೆ ಸಿಗುವ ಹೆಪ್ಪು

ಹೋದ ವಾರ ಒಂದು ಸಂಜೆ ನಮ್ಮ ಮನೆಯಲ್ಲಿ ಹೆಪ್ಪಿಗೂ ಮೊಸರು ಉಳಿದಿರಲಿಲ್ಲ. ಮಧ್ಯಾಹ್ನ ನೆಂಟರು ಬಂದಿದ್ದರು, ಪಾತ್ರೆಯನ್ನು ಬಳಿದು ಬಡಿಸಿದ್ದೆವು, ಎರಡು ಚಮಚ ಎತ್ತಿಡಬೇಕು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಕಾಯಿಸಿದ ಹಾಲು ಉಗುರು ಬೆಚ್ಚಗಾಗಿತ್ತು. ನಾನು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೊರಟೆ. ಅತ್ತೆ ಬಾಗಿಲಲ್ಲೇ ತಡೆದರು.

"ದೀಪ ಹಚ್ಚಾಯ್ತು ಕಣವ್ವ. ಈ ಹೊತ್ತಲ್ಲಿ ಹೆಪ್ಪು ಕೇಳಬಾರದು, ಅವರೂ ಕೊಡಬಾರದು."

ನಮ್ಮ ಮಂಡ್ಯದ ಮನೆಯಲ್ಲಿ ಇದು ಗಟ್ಟಿ ನಿಯಮ. ಅವರೇ ನಾಲ್ಕು ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಹಾಲಿಗೆ ಹಾಕಿ ಮುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮೊಸರೇನೋ ಆಗಿತ್ತು, ಆದರೆ ನೀರು ನೀರು, ವಾಸನೆಯೂ ಬೇರೆ. ತೊಟ್ಟಿನ ಮೇಲೆ ಯಾವ್ಯಾವ ಬ್ಯಾಕ್ಟೀರಿಯಾ ಇದ್ದವೋ ಅವೆಲ್ಲ ಹಾಲಿಗೆ ಇಳಿದಿದ್ದವು.

ಆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಾ ನಾನು ಅತ್ತೆಗೆ ಒಂದು ಪ್ರಾಣಿಯ ಬಗ್ಗೆ ಹೇಳಿದ್ದೆ. ಮಾನಸಗಂಗೋತ್ರಿಯಲ್ಲಿ ಮೈಕ್ರೋಬಯಾಲಜಿ ಓದುವಾಗ ಒಂದು ಪಾಠದ ನಡುವೆ ಎರಡು ನಿಮಿಷ ಬಂದು ಹೋದ ಪ್ರಾಣಿ ಅದು. ಅವತ್ತಿನಿಂದ ನನ್ನ ತಲೆಯಿಂದ ಇಳಿದೇ ಇಲ್ಲ. ಈಗ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವಾಗ ಪಠ್ಯದಲ್ಲಿ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಅದನ್ನು ಎಳೆದು ತರುತ್ತೇನೆ. ಅತ್ತೆ ಅವತ್ತು ಕೇಳಿದ ಪ್ರಶ್ನೆಗಳು ಎಷ್ಟು ನೇರವಾಗಿದ್ದವು ಅಂದರೆ, ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ಪ್ರಾಣಿಯ ಹೆಸರು ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್. ಸ್ಕ್ವಿಡ್ ಅಂದರೆ ಆಕ್ಟೋಪಸ್‌ನ ನೆಂಟ, ಮೆತ್ತನೆ ಮೈಯ ಸಮುದ್ರ ಪ್ರಾಣಿ. ವೈಜ್ಞಾನಿಕವಾಗಿ ಯುಪ್ರಿಮ್ನಾ ಸ್ಕೊಲೋಪಿಸ್. 1913ರಲ್ಲಿ ಎಸ್. ಸ್ಟಿಲ್‌ಮನ್ ಬೆರಿ ಅನ್ನುವವರು ಇದಕ್ಕೆ ಹೆಸರಿಟ್ಟರು. ಮಂಗಳೂರು, ಮಲ್ಪೆ ಕಡೆ ಸ್ಕ್ವಿಡ್‌ಗೆ ಬೊಂಡಾಸ್ ಅನ್ನುತ್ತಾರೆ. ಕೆರೆ ಮೀನು, ಗದ್ದೆ ಏಡಿ ತಿಂದು ಬೆಳೆದ ನಮಗೆ ಅದು ಅಷ್ಟು ಪರಿಚಯವಿಲ್ಲ. ಬೊಂಡಾಸ್ ನೋಡಿದವರು ಇದನ್ನು ಹಾಗೆ ಉದ್ದಕ್ಕೆ ಚೂಪಾಗಿ ಕಲ್ಪಿಸಿಕೊಳ್ಳಬೇಡಿ. ಬಾಬ್‌ಟೇಲ್ ಅಂದರೆ ಮೋಟು ಬಾಲ. ಮೈ ಗುಂಡಗೆ, ಹಿಂಭಾಗ ಮೊಂಡು, ಎರಡೂ ಪಕ್ಕದಲ್ಲಿ ಕಿವಿಯಂಥ ಪುಟ್ಟ ರೆಕ್ಕೆ, ದೊಡ್ಡ ಕಣ್ಣು, ಎಂಟು ತೋಳು, ಬೇಟೆಗೆ ಚಾಚಲು ಇನ್ನೆರಡು ಉದ್ದ ಕೈ. ದೊಡ್ಡದಾದ ಮೇಲೂ ಅದರ ಮೈ ಸುಮಾರು 3 ಸೆಂಟಿಮೀಟರ್ ಅಷ್ಟೇ. ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣು ನೋಡಿಕೊಳ್ಳಿ, ಅಷ್ಟು. ಮೊಟ್ಟೆಯಿಂದ ಬಂದಾಗ ಸಾಸಿವೆ ಕಾಳಿನಷ್ಟು. ಬದುಕುವುದು ಕೆಲವೇ ತಿಂಗಳು, ವರ್ಷ ತುಂಬುವುದಿಲ್ಲ.

ಹವಾಯಿ ದ್ವೀಪಗಳ ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ, ಮರಳಿನ ಮೇಲೆ ಇದರ ಸಂಸಾರ. ಹಗಲೆಲ್ಲ ಮರಳಿನೊಳಗೆ ಹೂತುಕೊಂಡು ಮಲಗಿರುತ್ತದೆ. ಮೊದಲು ಮೈಯನ್ನು ಅಲುಗಿಸಿ ಕೆಳಗೆ ಇಳಿಯುತ್ತದೆ, ಆಮೇಲೆ ತೋಳುಗಳಿಂದ ಮರಳನ್ನು ಬಾಚಿ ತಲೆ ಮೇಲೆ ಎಳೆದುಕೊಳ್ಳುತ್ತದೆ, ಮಕ್ಕಳು ಚಳಿಗೆ ಕಂಬಳಿ ಎಳೆದುಕೊಂಡ ಹಾಗೆ. ಚರ್ಮದಲ್ಲಿ ಅಂಟು ಸುರಿಸುವ ಗ್ರಂಥಿಗಳಿವೆ, ಹಾಗಾಗಿ ಮರಳು ಮೈಗೆ ಹತ್ತಿಕೊಳ್ಳುತ್ತದೆ. ಮೀನನ್ನು ರವೆಯಲ್ಲಿ ಹೊರಳಿಸಿ ಫ್ರೈಗೆ ಸಿದ್ಧ ಮಾಡುತ್ತೀವಲ್ಲ, ಹಾಗೇ ಕಾಣುತ್ತದೆ. ಬೇಡ ಅನ್ನಿಸಿದಾಗ ಇನ್ನೊಂದು ರಸ ಸುರಿಸಿ ಅಷ್ಟನ್ನೂ ಒಂದೇ ಸಲಕ್ಕೆ ಕಳಚಿ ಹಾಕುತ್ತದೆ. ಕತ್ತಲಾದ ಮೇಲೆ ಎದ್ದು ಸಣ್ಣ ಸೀಗಡಿ ಬೇಟೆಗೆ ಹೊರಡುತ್ತದೆ. ಹಲ್ಲಿಮೀನು, ಬ್ಯಾರಕೂಡದಂಥ ಮೀನುಗಳು, ಹವಾಯಿಯ ಮಾಂಕ್ ಸೀಲ್ ಕೂಡ, ಇದನ್ನು ತಿನ್ನುತ್ತವೆ. ಅಪಾಯ ಕಂಡರೆ ಶಾಯಿ ಉಗುಳಿ ಪಾರಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಇದರ ಹಿಂದೆ ಬೀಳುತ್ತಿರಲಿಲ್ಲ.

ಚಿಕ್ಕವಳಿದ್ದಾಗ ನಮ್ಮೂರ ಕೆರೆಯಲ್ಲಿ ಈಜು ಕಲಿಯುವಾಗ ಮುಳುಗಿ ಮೇಲೆ ನೋಡುತ್ತಿದ್ದೆ. ನೀರಿನ ಮೇಲ್ಭಾಗ ಬೆಳ್ಳಗೆ ಹೊಳೆಯುತ್ತಿರುತ್ತದೆ, ತೇಲುತ್ತಿರುವ ತೆಂಗಿನ ಗರಿ ಮಾತ್ರ ಕರ್ರಗೆ. ಗರಿಯ ಬಣ್ಣ ಹಸಿರೋ ಕಂದೋ ಲೆಕ್ಕಕ್ಕಿಲ್ಲ, ಕೆಳಗಿಂದ ನೋಡಿದಾಗ ಎಲ್ಲವೂ ನೆರಳೇ. ಬೆಳದಿಂಗಳ ರಾತ್ರಿ ಸಮುದ್ರದಲ್ಲೂ ಅದೇ ಕಥೆ. ಮೇಲಿಂದ ಚಂದ್ರನ ಬೆಳಕು, ನಕ್ಷತ್ರದ ಬೆಳಕು. ನಡುವೆ ಈಜುವ ಪುಟ್ಟ ಸ್ಕ್ವಿಡ್ ಕೆಳಗಿರುವ ಮೀನಿಗೆ ಕಪ್ಪು ಚುಕ್ಕೆಯಾಗಿ ಕಾಣಬೇಕು. ಆದರೆ ಕಾಣುವುದು ಕಷ್ಟ. ಯಾಕೆಂದರೆ ಸ್ಕ್ವಿಡ್ ತನ್ನ ಹೊಟ್ಟೆಯ ಕಡೆಯಿಂದ ಕೆಳಕ್ಕೆ ಬೆಳಕು ಬಿಡುತ್ತದೆ! ಮೇಲಿಂದ ಎಷ್ಟು ಬೆಳಕು ಬೀಳುತ್ತಿದೆ ಅನ್ನುವುದಕ್ಕೆ ಹೊಂದಿಸಿ ಬಿಡುತ್ತದೆ. ಜಾಸ್ತಿ ಇದ್ದರೆ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ. ತನ್ನ ನೆರಳನ್ನು ತಾನೇ ಅಳಿಸಿಕೊಳ್ಳುತ್ತದೆ.

ಅದಕ್ಕೆ ಬೇಕಾದ ಸಾಮಾನೆಲ್ಲ ಹೊಟ್ಟೆಯೊಳಗಿರುವ ಬೆಳಕಿನ ಅಂಗದಲ್ಲಿದೆ. ಹಿಂದೆ ಕನ್ನಡಿಯ ಹಾಗೆ ಬೆಳಕನ್ನು ತಿರುಗಿಸುವ ಪದರ. ಮುಂದೆ ಬೆಳಕನ್ನು ಹರಡುವ ಲೆನ್ಸ್. ಸುತ್ತ ಶಾಯಿ ಚೀಲ, ಅದನ್ನು ಹಿಗ್ಗಿಸಿ ಕುಗ್ಗಿಸಿ ಬೆಳಕನ್ನು ಜಾಸ್ತಿ ಕಡಿಮೆ ಮಾಡಬಹುದು, ಕಣ್ಣಿನ ಪಾಪೆ ಮಾಡುವ ಕೆಲಸ. ಅಷ್ಟೇ ಅಲ್ಲ, ನಮ್ಮ ಕಣ್ಣಿನ ಪರದೆಯಲ್ಲಿ ಬೆಳಕನ್ನು ಗುರುತಿಸುವ ಪ್ರೋಟೀನುಗಳಂಥವೇ ಆ ಅಂಗದಲ್ಲೂ ಇವೆ. ಅಂದರೆ ಅದು ಬೆಳಕು ಬಿಡುವ ಅಂಗವೂ ಹೌದು, ಆ ಬೆಳಕನ್ನು ತಾನೇ ಗುರುತಿಸುವ ಅಂಗವೂ ಹೌದು.

ಇಷ್ಟೆಲ್ಲ ಇದ್ದೂ ಒಂದು ಮಾತ್ರ ಇಲ್ಲ. ಬೆಳಕು! ಅದನ್ನು ಮಾಡುವ ಶಕ್ತಿ ಸ್ಕ್ವಿಡ್‌ಗೆ ಇಲ್ಲವೇ ಇಲ್ಲ. ಬೆಳಕು ಕೊಡುವುದು ವಿಬ್ರಿಯೊ ಫಿಶೆರಿ ಅನ್ನುವ ಬ್ಯಾಕ್ಟೀರಿಯಾ, ಕಾಲರಾ ತರುವ ಬ್ಯಾಕ್ಟೀರಿಯಾದ ನೆಂಟ. ಅದು ಆ ಅಂಗದೊಳಗಿನ ಗೂಡುಗಳಲ್ಲಿ ಕಿಕ್ಕಿರಿದು ವಾಸ ಮಾಡುತ್ತದೆ. ಸ್ಕ್ವಿಡ್ ಊಟ ಹಾಕುತ್ತದೆ, ಬ್ಯಾಕ್ಟೀರಿಯಾ ಬೆಳಕು ಕೊಡುತ್ತದೆ.

ಇಲ್ಲಿಗೆ ಬಂದಾಗ ಅತ್ತೆ ಸೌಟು ಕೆಳಗಿಟ್ಟು ಕೇಳಿದರು. "ಅದಕ್ಕೆ ಮೊದಲ ಹೆಪ್ಪು ಕೊಟ್ಟೋರು ಯಾರು? ಅದರ ಅವ್ವನಾ?"

ನಾನು ಹತ್ತು ವರ್ಷ ಪಾಠ ಮಾಡಿದರೂ ಈ ಪದ ಹೊಳೆದಿರಲಿಲ್ಲ. ಹೆಪ್ಪು. ಎಷ್ಟು ಸರಿಯಾದ ಪದ ಅಲ್ವಾ? ಜೀವ ಇರುವ ಒಂದಿಷ್ಟನ್ನು ಹಾಕಿ, ಅದು ಬೆಳೆದು ಪಾತ್ರೆ ತುಂಬುವವರೆಗೆ ಕಾಯುವುದು.

ಉತ್ತರ, ಇಲ್ಲ. ಅವ್ವ ಕೊಡುವುದಿಲ್ಲ. ತಾಯಿ ಸ್ಕ್ವಿಡ್ ಹವಳದ ಬಂಡೆಯ ಸಂದಿಯಲ್ಲಿ ಮೊಟ್ಟೆ ಅಂಟಿಸಿ ಹೋಗಿಬಿಡುತ್ತದೆ. ಸುಮಾರು ಮೂರು ವಾರಕ್ಕೆ ಮರಿ ಹೊರಗೆ ಬರುತ್ತದೆ, ಅದರ ಬೆಳಕಿನ ಅಂಗ ಖಾಲಿ, ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲ. ಹೆಪ್ಪನ್ನು ಅದು ಸಮುದ್ರದ ನೀರಿನಿಂದಲೇ ಹಿಡಿದುಕೊಳ್ಳಬೇಕು. ಒಂದು ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ ಇರುತ್ತವೆ, ಅವುಗಳಲ್ಲಿ ವಿಬ್ರಿಯೊ ಫಿಶೆರಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮ ಮೆಣಸಿನ ತೊಟ್ಟಿನ ಹಾಗೆ ಸಿಕ್ಕಿದ್ದೆಲ್ಲ ಒಳಗೆ ಬಂದರೆ ಕೆಲಸ ಕೆಟ್ಟಿತು. ಆದರೆ ಕೊನೆಗೆ ಆ ಗೂಡುಗಳಲ್ಲಿ ಇರುವುದು ಅದೊಂದೇ ಜಾತಿ.

ಹೇಗೆ ಆರಿಸುತ್ತದೆ ಅನ್ನುವುದೇ ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ. ಮರಿಯ ಬೆಳಕಿನ ಅಂಗದ ಎರಡೂ ಕಡೆ ಸಣ್ಣ ತೋಳಿನಂಥ ಚಾಚುಗಳಿವೆ, ಅವುಗಳ ಮೇಲೆಲ್ಲ ಸದಾ ಬೀಸಾಡುವ ನವಿರಾದ ಎಳೆಗಳು. ಮರಿ ಉಸಿರಾಡಲು ನೀರು ಒಳಗೆ ಎಳೆದಾಗ ಈ ಎಳೆಗಳು ಆ ನೀರನ್ನು ಸುಳಿಯ ಹಾಗೆ ತಿರುಗಿಸಿ ಬ್ಯಾಕ್ಟೀರಿಯಾವನ್ನು ಹತ್ತಿರ ತರುತ್ತವೆ. ಅಲ್ಲೇ ಲೋಳೆ ಒಸರುತ್ತದೆ. ವಿಬ್ರಿಯೊ ಫಿಶೆರಿ ಆ ಲೋಳೆಯಲ್ಲಿ ಗುಂಪು ಕಟ್ಟುತ್ತದೆ. ಆಮೇಲೆ ಅಂಗದ ಒಂದೊಂದು ಬದಿಗೆ ಮೂರರಂತೆ ಒಟ್ಟು ಆರು ತೂತುಗಳಿವೆ, ಅವುಗಳ ಮೂಲಕ ಒಳಗೆ ಈಜಬೇಕು. ದಾರಿ ತೋರಿಸುವುದು ಕೈಟಿನ್ ಚೂರಾದಾಗ ಸಿಗುವ ಒಂದು ಸಕ್ಕರೆ (ಸೀಗಡಿ ಚಿಪ್ಪಿನಲ್ಲಿರುವುದು ಇದೇ ಕೈಟಿನ್). ಸ್ಕ್ವಿಡ್ ಬಿಡುವ ಆ ಸಕ್ಕರೆಯ ಜಾಡು ಹಿಡಿದು ಬ್ಯಾಕ್ಟೀರಿಯಾ ಒಳಕ್ಕೆ ನುಗ್ಗುತ್ತದೆ. ದಾರಿಯಲ್ಲಿ ನೈಟ್ರಿಕ್ ಆಕ್ಸೈಡ್ ಇದೆ, ಅದು ತುಂಬ ಬ್ಯಾಕ್ಟೀರಿಯಾಗಳಿಗೆ ವಿಷ. ಅದನ್ನು ತಡೆದುಕೊಂಡವು ಮುಂದೆ ಹೋಗುತ್ತವೆ. ಕೊನೆಗೆ ಒಂದು ಇಕ್ಕಟ್ಟಾದ ಕೊರಳು. ಅದನ್ನು ದಾಟಿ ಒಂದೊಂದು ಗೂಡಿನಲ್ಲಿ ನೆಲೆ ಊರುವುದು ಸಾಮಾನ್ಯವಾಗಿ ಒಂದು ಅಥವಾ ಎರಡು ಬ್ಯಾಕ್ಟೀರಿಯಾ ಮಾತ್ರ. ಅದೇ ಹೆಪ್ಪು. ಅಲ್ಲಿಂದ ದುಪ್ಪಟ್ಟು ದುಪ್ಪಟ್ಟಾಗಿ ಬೆಳೆದು, ಮರಿ ಹುಟ್ಟಿ ಒಂದು ದಿನ ತುಂಬುವುದರೊಳಗೆ ಬೆಳಕು ಶುರುವಾಗಿರುತ್ತದೆ.

ಇನ್ನೊಂದು ವಿಷಯ ಕೇಳಿ. ಬ್ಯಾಕ್ಟೀರಿಯಾ ಒಳಗೆ ಸೇರಿದ ಮೇಲೆ ಆ ಚಾಚುಗಳು ಕೆಲವೇ ದಿನದಲ್ಲಿ ಉದುರಿ ಮಾಯವಾಗುತ್ತವೆ. ಹೆಪ್ಪು ಸಿಕ್ಕಿತು, ಇನ್ನು ಬಾಗಿಲು ತೆರೆದಿಡುವ ಅಗತ್ಯವಿಲ್ಲ. ಹಾಗೆ ಮಾಡು ಅಂತ ಸೂಚನೆ ಕೊಡುವುದು ಬ್ಯಾಕ್ಟೀರಿಯಾದ ಗೋಡೆಯಿಂದ ಬರುವ ಚೂರುಗಳು. 2004ರಲ್ಲಿ ಅದು ಯಾವ ಚೂರು ಅಂತ ಪತ್ತೆ ಮಾಡಿದಾಗ ಎಲ್ಲರಿಗೂ ಆಶ್ಚರ್ಯ ಕಾದಿತ್ತು. ನಾಯಿಕೆಮ್ಮಿನಲ್ಲಿ ಮಕ್ಕಳ ಶ್ವಾಸನಾಳದ ಒಳಪದರವನ್ನು ಹಾಳು ಮಾಡುವುದು ಅದೇ ಕಣ. ನಮ್ಮ ಮಗುವಿನ ಗಂಟಲಲ್ಲಿ ರೋಗ ತರುವ ಅದೇ ವಸ್ತು, ಸ್ಕ್ವಿಡ್ ಮರಿಯಲ್ಲಿ ಒಂದು ಅಂಗವನ್ನು ಸರಿಯಾಗಿ ಬೆಳೆಸುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ಬ್ಯಾಕ್ಟೀರಿಯಾ ಅಂದರೆ ರೋಗ ಅಂತಲೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಈ ಮರಿಗೆ ಬ್ಯಾಕ್ಟೀರಿಯಾ ಸಿಗದೇ ಹೋದರೆ ಅದರ ಅಂಗ ಪೂರ್ತಿ ಬೆಳೆಯುವುದೇ ಇಲ್ಲ.

ಸ್ಕ್ವಿಡ್ ಕೂಡ ಸುಮ್ನೆ ಸಾಕುವುದಿಲ್ಲ. ಬೆಳಕು ಮಾಡುವ ಜೀನ್ ಕಿತ್ತುಹಾಕಿದ ಬ್ಯಾಕ್ಟೀರಿಯಾವನ್ನು ಕೊಟ್ಟು ನೋಡಿದ್ದಾರೆ. ಅವು ಒಳಗೇನೋ ಹೋಗುತ್ತವೆ, ಆದರೆ ಸರಿಯಾಗಿ ನೆಲೆ ನಿಲ್ಲಲು ಆಗುವುದಿಲ್ಲ, ಎರಡು ದಿನದಲ್ಲೇ ಸಂಖ್ಯೆ ಕುಸಿಯುತ್ತದೆ.

ಬೆಳಕು ಯಾವಾಗ ಹತ್ತುತ್ತದೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ನಮ್ಮ ತಂದೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರು. ಕೆಲವು ದಿನ ಬೇಗ ಮನೆಗೆ ಬಂದು "ಕೋರಂ ಆಗಲಿಲ್ಲ, ಮೀಟಿಂಗ್ ಮುಂದಕ್ಕೆ ಹೋಯ್ತು" ಅನ್ನುವರು. ಸಾಕಷ್ಟು ಜನ ಸೇರದೆ ಸಭೆ ನಡೆಯುವುದಿಲ್ಲ. ಈ ಬ್ಯಾಕ್ಟೀರಿಯಾಗಳದ್ದೂ ಅದೇ ನಿಯಮ. ಒಂದೊಂದೂ ಒಂದು ರಾಸಾಯನಿಕವನ್ನು ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತಿರುತ್ತದೆ. ಸಮುದ್ರದಲ್ಲಿ ಒಂಟಿಯಾಗಿದ್ದರೆ ಅದು ನೀರಲ್ಲಿ ಕರಗಿ ಹೋಗುತ್ತದೆ. ಗೂಡಿನಲ್ಲಿ ಕಿಕ್ಕಿರಿದಾಗ ಅದು ಒಂದು ಮಟ್ಟಕ್ಕೆ ಏರುತ್ತದೆ. ಆಗ ಎಲ್ಲವೂ ಒಟ್ಟಿಗೆ ಬೆಳಕಿನ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಒಂದು ಬ್ಯಾಕ್ಟೀರಿಯಾ ಒಂಟಿಯಾಗಿ ಬೆಳಗಿದರೆ ಯಾರಿಗೂ ಉಪಯೋಗವಿಲ್ಲ, ಶಕ್ತಿ ದಂಡ. 1970ರಲ್ಲಿ ಕೆನೆತ್ ನೀಲ್ಸನ್, ವುಡಿ ಹೇಸ್ಟಿಂಗ್ಸ್ ಮತ್ತು ಜೊತೆಗಾರರು ಇದನ್ನು ವಿಬ್ರಿಯೊ ಫಿಶೆರಿಯಲ್ಲೇ ಗುರುತಿಸಿದರು. 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಅನ್ನುವ ಹೆಸರು ಬಂತು. ಹೌದು, ಪಂಚಾಯಿತಿಯ ಅದೇ ಕೋರಂ. ತಂದೆಗೆ ಇದನ್ನು ಹೇಳಿದಾಗ ತುಂಬ ಖುಷಿಪಟ್ಟಿದ್ದರು. ಆಮೇಲೆ ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಲ್ಲೂ ಇಂಥದ್ದೇ ಏರ್ಪಾಡು ಇರುವುದು ಗೊತ್ತಾಯಿತು.

ಅತ್ತೆಗೆ ಕೋರಂಗಿಂತ ಊಟದ ವಿಷಯದಲ್ಲಿ ಆಸಕ್ತಿ. "ಹಗಲೆಲ್ಲ ಮರಳಲ್ಲಿ ಮಲಗಿರುತ್ತೆ ಅಂದೆ. ಆಗ ಬೆಳಕು ಯಾಕೆ? ಅಷ್ಟಕ್ಕೂ ಊಟ ಹಾಕ್ತಾ ಕೂತ್ಕೊಳತ್ತಾ?"

ಹಾಕುವುದಿಲ್ಲ. ಇದು ಎಲ್ಲಕ್ಕಿಂತ ದೊಡ್ಡ ಸಂಗತಿ. ದಿನಾ ಬೆಳಗಿನ ಜಾವ, ಬೆಳಕು ಹರಿಯುವ ಹೊತ್ತಿಗೆ, ಸ್ಕ್ವಿಡ್ ತನ್ನ ಅಂಗದಲ್ಲಿರುವ ಬ್ಯಾಕ್ಟೀರಿಯಾದಲ್ಲಿ ಸುಮಾರು 95 ಭಾಗವನ್ನು ಸಮುದ್ರಕ್ಕೆ ಹೊರಹಾಕಿಬಿಡುತ್ತದೆ. ಉಳಿಸಿಕೊಳ್ಳುವುದು ನೂರಕ್ಕೆ ಐದು. ಆಮೇಲೆ ಮರಳಿನೊಳಗೆ ಹೂತು ಮಲಗುತ್ತದೆ. ಆ ಐದು ಹತ್ತಾಗಿ, ಇಪ್ಪತ್ತಾಗಿ, ನಲವತ್ತಾಗಿ, ಎಂಬತ್ತಾಗಿ, ನಾಲ್ಕು ಸಲಕ್ಕಿಂತ ಸ್ವಲ್ಪ ಜಾಸ್ತಿ ದುಪ್ಪಟ್ಟಾಗುವಷ್ಟರಲ್ಲಿ ಅಂಗ ಮತ್ತೆ ತುಂಬುತ್ತದೆ. ಕತ್ತಲಾಗಿ ಬೇಟೆಗೆ ಏಳುವ ಹೊತ್ತಿಗೆ ಬೆಳಕು ಸಿದ್ಧ. ಮರುದಿನ ಬೆಳಿಗ್ಗೆ ಮತ್ತೆ ಖಾಲಿ. ಬದುಕಿರುವಷ್ಟು ದಿನ ಹೀಗೇ.

ಎರಡು ಚಮಚ ಎತ್ತಿಟ್ಟು ಮಿಕ್ಕಿದ್ದನ್ನು ಬಡಿಸುವುದು! ನಾವು ಅವತ್ತು ಮರೆತಿದ್ದನ್ನು ಹೆಬ್ಬೆರಳಿನಷ್ಟು ಇರುವ ಈ ಪ್ರಾಣಿ ಒಂದು ದಿನವೂ ಮರೆಯುವುದಿಲ್ಲ. ಹಳೆಯ ಮೊಸರನ್ನೇ ಇಟ್ಟುಕೊಂಡರೆ ಹುಳಿ ಬರುತ್ತದೆ, ದಿನಾ ಹೊಸದಾಗಿ ಹೆಪ್ಪು ಹಾಕಿದರೆ ರುಚಿ ಇರುತ್ತದೆ. ಸ್ಕ್ವಿಡ್‌ಗೂ ಅಂಥ ಲಾಭವಿದೆ ಅಂತ ನಾನು ನಂಬುತ್ತೇನೆ. ಬೆಳಕು ಬೇಡದ ಹೊತ್ತಿನಲ್ಲಿ ಅಷ್ಟು ಬಾಯಿಗೆ ಊಟ ಹಾಕುವ ಹೊರೆ ತಪ್ಪುತ್ತದೆ, ದಿನಾ ಹೊಸ ಪೀಳಿಗೆ ಬೆಳೆಯುತ್ತದೆ.

ಹಾಗಂತ ಅವ್ವ ಏನೂ ಕೊಡುವುದಿಲ್ಲ ಅಂದರೆ ತಪ್ಪಾಗುತ್ತದೆ. ಹೆಣ್ಣು ಸ್ಕ್ವಿಡ್‌ನಲ್ಲಿ ಬೇರೊಂದು ಗ್ರಂಥಿಯಿದೆ, ಅದರಲ್ಲಿ ಬೇರೆ ಜಾತಿಗಳ ಬ್ಯಾಕ್ಟೀರಿಯಾ ಇವೆ. ಮೊಟ್ಟೆ ಇಡುವಾಗ ಅವುಗಳನ್ನು ಮೊಟ್ಟೆಯ ಸುತ್ತಲಿನ ಲೋಳೆ ಹೊದಿಕೆಗೆ ಸೇರಿಸುತ್ತದೆ. ಔಷಧ ಹಾಕಿ ಆ ಬ್ಯಾಕ್ಟೀರಿಯಾಗಳನ್ನು ಕೊಂದರೆ ಮೊಟ್ಟೆಗೆ ಬೂಷ್ಟು ಹಿಡಿದು ಮರಿಗಳು ಸಾಯುತ್ತವೆ. ಬೆಳಕಿಗೆ ಮರಿಯೇ ದಾರಿ ನೋಡಿಕೊಳ್ಳಬೇಕು, ಕಾವಲಿಗೆ ಮಾತ್ರ ತಾಯಿ ವ್ಯವಸ್ಥೆ ಮಾಡಿ ಹೋಗಿರುತ್ತದೆ.

ಇಂಥ ಹೆಪ್ಪು ನಮ್ಮ ಹೊಲದಲ್ಲೂ ಇದೆ. ಮಗಳಿಗೆ ತೋರಿಸಲು ಅಲಸಂದೆ ಗಿಡ ಒಂದನ್ನು ಬೇರು ಸಮೇತ ಕಿತ್ತಿದ್ದೆ. ಬೇರಿನಲ್ಲಿ ಸಣ್ಣ ಗಂಟುಗಳು, ಉಗುರಲ್ಲಿ ಚಿವುಟಿದರೆ ಒಳಗೆ ನಸುಗೆಂಪು. ಅದರೊಳಗಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತದೆ. ಅದೂ ಬೀಜದಲ್ಲಿ ಬರುವುದಿಲ್ಲ, ಮೊಳಕೆಯೊಡೆದ ಗಿಡ ಮಣ್ಣಿನಿಂದಲೇ ಆರಿಸಿಕೊಳ್ಳಬೇಕು. ಮಣ್ಣಿನಲ್ಲಿ ಸಾಕಷ್ಟು ಇಲ್ಲದಿದ್ದರೆ ಅಂತ ರೈತರು ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಸವರಿ ಬಿತ್ತುತ್ತಾರೆ. ಅತ್ತೆ ಎಷ್ಟೋ ಸಲ ತಮ್ಮ ಕೈಯಾರೆ ಸವರಿದ್ದಾರೆ. "ಅದೂ ಹೆಪ್ಪೇ ಅನ್ನು" ಅಂದರು.

ಇಷ್ಟೆಲ್ಲ ತಿಳಿದಿದ್ದು ಮುಖ್ಯವಾಗಿ ಮಾರ್ಗರೆಟ್ ಮೆಕ್‌ಫಾಲ್-ನ್ಗಾಯ್ ಮತ್ತು ನೆಡ್ ರೂಬಿ ಅನ್ನುವ ಇಬ್ಬರು ವಿಜ್ಞಾನಿಗಳಿಂದ, ಅವರ ಜೊತೆ ಕೆಲಸ ಮಾಡಿದವರಿಂದ. 1980ರ ದಶಕದ ಕೊನೆಯಿಂದ ಇದೇ ಒಂದು ಜೋಡಿಯ ಹಿಂದೆ ಬಿದ್ದಿದ್ದಾರೆ. ನಮ್ಮ ಕರುಳಿನಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾ ಒಟ್ಟಿಗಿವೆ, ಯಾವುದು ಏನು ಮಾಡುತ್ತದೆ ಅಂತ ಬಿಡಿಸುವುದು ಕಷ್ಟ. ಬೆಳಕಿನ ಅಂಗದಲ್ಲಿ ಒಂದು ಪ್ರಾಣಿ, ಒಂದು ಬ್ಯಾಕ್ಟೀರಿಯಾ. ಮರಿಯನ್ನು ಬ್ಯಾಕ್ಟೀರಿಯಾ ಇಲ್ಲದೆಯೂ ಸಾಕಿ ನೋಡಬಹುದು, ಬೇಕೆಂದಾಗ ಸೇರಿಸಬಹುದು. ತೂಕವಿಲ್ಲದ ಕಡೆ ಈ ಗೆಳೆತನ ಏನಾಗುತ್ತದೆ ಅಂತ ನೋಡಲು 2011ರಲ್ಲಿ ಎಂಡೆವರ್ ಅಂತರಿಕ್ಷ ನೌಕೆಯ ಕೊನೆಯ ಯಾನದಲ್ಲಿ ಮರಿಗಳನ್ನು ಕಳಿಸಿದ್ದರು, 2021ರಲ್ಲಿ ಮತ್ತೆ 128 ಮರಿಗಳು ಅಂತರಿಕ್ಷ ನಿಲ್ದಾಣಕ್ಕೆ ಹೋದವು.

ಅತ್ತೆಗೆ ಅಂತರಿಕ್ಷ ರುಚಿಸಲಿಲ್ಲ. ಅವರ ಮನಸ್ಸು ಆ 95 ಭಾಗದಲ್ಲೇ ಸಿಕ್ಕಿಕೊಂಡಿತ್ತು. ಮನೆಯಲ್ಲಿ ಒಂದು ಹಿಡಿ ಅನ್ನ ದಂಡವಾದರೂ ಸಹಿಸದವರು. "ದಿನಾ ಅಷ್ಟೊಂದು ಸಮುದ್ರಕ್ಕೆ ಚೆಲ್ತದಲ್ಲ, ಅದೆಲ್ಲ ಹಾಳೇ ತಾನೆ?"

ಹಾಳಲ್ಲ ಅತ್ತೆ, ಅಂದೆ. ಹೊರಹಾಕಿದ ಬ್ಯಾಕ್ಟೀರಿಯಾ ಬದುಕೇ ಇರುತ್ತದೆ, ಆ ನೀರಿನಲ್ಲೇ ತೇಲುತ್ತಿರುತ್ತದೆ. ಈ ಸ್ಕ್ವಿಡ್‌ಗಳು ವಾಸವಿರುವ ಕಡೆಯ ನೀರಿನಲ್ಲಿ ವಿಬ್ರಿಯೊ ಫಿಶೆರಿ ಬೇರೆ ಕಡೆಗಿಂತ ಜಾಸ್ತಿ ಇರುತ್ತದೆ ಅನ್ನುವುದನ್ನು ಅಳೆದು ನೋಡಿದ್ದಾರೆ. ಮರಿಗಳು ಮೊಟ್ಟೆಯೊಡೆದು ಬರುವುದು ಸಂಜೆ ಕತ್ತಲಾಗುವ ಹೊತ್ತಿಗೆ. ಬೆಳಿಗ್ಗೆ ಅಕ್ಕಪಕ್ಕದ ದೊಡ್ಡ ಸ್ಕ್ವಿಡ್‌ಗಳು ಚೆಲ್ಲಿದ್ದೇ ಆ ಮರಿಗಳಿಗೆ ಹೆಪ್ಪು.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಣಸಿನ ತೊಟ್ಟು ಹಾಕಿ ಮುಚ್ಚಿಟ್ಟ ಪಾತ್ರೆಯನ್ನು ಒಮ್ಮೆ ನೋಡಿ ಹೇಳಿದರು. "ಹಂಗಾದ್ರೆ ಅಲ್ಲಿ ದೀಪ ಹಚ್ಚಿದ ಮೇಲೂ ಕೊಡ್ತಾರೆ ಅನ್ನು."

ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಅರ್ಧ ಬಟ್ಟಲು ಗಟ್ಟಿ ಮೊಸರು ಕೊಟ್ಟರು. ಅತ್ತೆ ಅದರಲ್ಲಿ ಎರಡು ಚಮಚ ಮಾತ್ರ ಹಾಲಿಗೆ ಹಾಕಿ, ಮಿಕ್ಕಿದ್ದನ್ನು ಮಗಳ ತಟ್ಟೆಗೆ ಬಡಿಸಿದರು. ಬಟ್ಟಲನ್ನು ಬರಿದಾಗಿ ವಾಪಸ್ ಕೊಡಬಾರದು ಅಂತ ತೊಳೆದು, ಎರಡು ಅಚ್ಚು ಬೆಲ್ಲ ಹಾಕಿ ನನ್ನ ಕೈಗೆ ಕೊಟ್ಟರು.